ಕಾರಿಗೆ ಕಟ್ಟಿದ ಗೋಡೆ

ಚಿನ್ನೂ, ಪುಟ್ಯಾ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನೀವು ಶಾಲೆಯಲ್ಲಿ ತೆಲುಗು, ಇಂಗ್ಲಿಷು ಓದುವವರು. ರಜೆಯಲ್ಲಿ ನಾನು ಪಾಟಿಯ ಮೇಲೆ ಕಲಿಸಿದ ಕನ್ನಡ ನಿಮಗೆ ಇನ್ನೂ ನಿಧಾನ. ಅದಕ್ಕೇ ಅಕ್ಷರ ದೊಡ್ಡದು ಮಾಡಿ, ಬಿಡಿಸಿ ಬರೆದಿದ್ದೇನೆ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಳ್ಳಿ, ನಗಬೇಡಿ.

ಹೋದ ರವಿವಾರದ ಊಟ ನಿಮಗೆ ನೆನಪಿರಬಹುದು. ಹೊಸ ಕಾರು ಹಳೆಯ ಗ್ಯಾರೇಜಿನಲ್ಲಿ ಹಿಡಿಸುತ್ತಿಲ್ಲ. ಗ್ಯಾರೇಜನ್ನೇ ಮುಂದಕ್ಕೆ ತಂದು ಹೊಸ ಶಟರು ಹಾಕಿಸುವುದೋ, ಇಲ್ಲವೇ ಗೋಡೆ ಕೆಡವಿ ಬರೀ ಕಂಬ, ಮೇಲೊಂದು ಮಾಳಿಗೆ ಇರುವ ಪೋರ್ಟಿಕೊ ಮಾಡಿಸುವುದೋ ಎಂದು ನಾಲ್ಕು ದಿನದಿಂದ ಮನೆಯಲ್ಲಿ ಮಾತು ನಡೆದಿತ್ತು.

"ಗ್ಯಾರೇಜ್ ಇರ್ಲಿ. ಅಪ್ಪ ಕಟ್ಟಿಸಿದ್ದು. ಎರಡು ಫೂಟ್ ಮುಂದ ತಗೊಂಡ್ರ ಸಾಕು," ಅಂದ ನಿಮ್ಮ ಅಪ್ಪ.

"ಅದರಾಗ ಹಳೇ ಡಬ್ಬಿ, ಇಲಿ ಬಿಟ್ರ ಏನೈತ್ರಿ?" ಅಂದಳು ನಿಮ್ಮ ಅಮ್ಮ.

"ಓಪನ್ ಇದ್ರ ಕ್ಯಾರಂ ಆಡ್ಲಿಕ್ಕೆ ಜಾಗ ಆಗ್ತದ," ಅಂದವನು ಪುಟ್ಯಾ. "ಕಾರಿನ ಮ್ಯಾಲ ಇಟ್ಕೊಂಡು ಆಡ್ತೀಯೇನು?" ಎಂದು ಚಿನ್ನೂ, ನೀನು ಕೇಳಿದೆ. ಎಲ್ಲರೂ ನಕ್ಕರು. ಆಗ ನಿಮ್ಮ ಅಪ್ಪ ನನ್ನ ಕಡೆ ತಿರುಗಿದ.

"ಅವ್ವಾ, ನೀ ಹೇಳವ್ವಾ. ನೀ ಹೇಳಿದಂಗ ಮಾಡೂಣು."

"ನಿಮಗ ಹ್ಯಾಂಗ ತಿಳೀತದೋ ಹಂಗ ಮಾಡ್ರಿ," ಎಂದು ನಾನು ಸಾರಿನ ಪಾತ್ರೆ ಹಿಡಿದುಕೊಂಡು ಒಳಗೆ ಹೋಗಿಬಿಟ್ಟೆ.

ಒಳಗೆ ಹೋಗಿ ಒಲೆಯ ಕಟ್ಟೆ ಹಿಡಿದು ನಿಂತೆ. ಇದೇ ಪ್ರಶ್ನೆಗೆ, ಇದೇ ಮನೆಯಲ್ಲಿ, ಇದೇ ಮಾತನ್ನು ಹಿಂದೊಮ್ಮೆ ಹೇಳಿದ್ದೆ. ಆಗ ಕೇಳಿದವರು ನಿಮ್ಮ ಅಜ್ಜ. ಆ ಮಾತಿನಿಂದ ಆದದ್ದನ್ನು ಇಪ್ಪತ್ತು ವರ್ಷದ ಮೇಲಾಯಿತು, ಯಾರಿಗೂ ಹೇಳಿಲ್ಲ. ಬರುವ ಸೋಮವಾರ ಮೇಸ್ತ್ರಿ ಬರುತ್ತಾನೆ. ಅಷ್ಟರೊಳಗೆ ನಾನು ನಿಮ್ಮ ಅಪ್ಪನಿಗೆ ಕೆಡವು ಎಂದು ಹೇಳಬೇಕು. ಬಾಯಿ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ.

ನಿಮ್ಮ ಅಜ್ಜನ ಹೆಸರನ್ನು ಮಾತ್ರ ಇಲ್ಲಿಯೂ ಬರೆಯುವುದಿಲ್ಲ. ಮದುವೆಯಲ್ಲಿ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೂಡಿಸಿದ ಒಡಪು ಹೇಳಿಸಿದಾಗ ಒಮ್ಮೆ ಹೇಳಿದ್ದೆ. ಅದೇ ಮೊದಲು, ಅದೇ ಕೊನೆ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನನ್ನ ಅತ್ತೆ ಇನ್ನೊಂದು ಮಾತು ಸೇರಿಸಿದ್ದರು: ಹೆಂಗಸಿನ ದನಿ ಹೊಸ್ತಿಲು ದಾಟಬಾರದು. ಅವರು ಊರಲ್ಲಿಯೇ ತೀರಿಕೊಂಡರು. ಈ ಹೈದರಾಬಾದಿನ ಮನೆಯನ್ನು ಅವರು ಕಣ್ಣಿಂದಲೂ ನೋಡಲಿಲ್ಲ. ಆದರೂ ಆ ಮಾತು ನನ್ನ ಗಂಟಲಲ್ಲೇ ಉಳಿದುಬಿಟ್ಟಿತು. ಮನೆಯೊಳಗಾದರೆ "ರೀ" ಅನ್ನುತ್ತಿದ್ದೆ. ಹೊರಗೆ ನಿಂತವರನ್ನು ಕರೆಯಬೇಕಾದರೆ ಮಗನನ್ನು ಕಳಿಸುತ್ತಿದ್ದೆ.

ನಿಮ್ಮ ಅಜ್ಜ ನಾಚಾರಂನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಎಷ್ಟೋ ವರ್ಷ ಸ್ಕೂಟರಿನಲ್ಲಿ ಓಡಾಡಿ ಬೆನ್ನು ಹಿಡಿದುಕೊಂಡಿತ್ತು. ವರ್ಗವಾಗಿ ಹೊರಟಿದ್ದ ಅವರ ಸಾಹೇಬರೊಬ್ಬರು ತಮ್ಮ ಹಳೆಯ ಕಾರನ್ನು ಇವರಿಗೇ ಬಿಟ್ಟುಕೊಟ್ಟು ಹೋದರು. ಬೂದು ಬಣ್ಣದ್ದು, ಸ್ಟೇರಿಂಗಿನ ಮಗ್ಗುಲಲ್ಲೇ ಗೇರು. ಅದು ಬಂದ ದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಕುಮ ಹಚ್ಚಿ ಒಳಗೆ ತೆಗೆದುಕೊಂಡೆವು. ಒಳಗೆ ಅಂದರೆ ಮನೆಯ ಮಗ್ಗುಲಲ್ಲಿ, ಕಂಪೌಂಡಿಗೂ ಅಡಿಗೆಮನೆಗೂ ನಡುವೆ ಇದ್ದ ಬಯಲು ಜಾಗಕ್ಕೆ. ಶಾಬಾದ್ ಕಲ್ಲು ಹಾಸಿದ್ದ ಆ ಜಾಗದಲ್ಲಿ ಅಲ್ಲಿಯವರೆಗೆ ನಾನು ಹಪ್ಪಳ, ಶಾವಿಗೆ ಒಣಗಿಸುತ್ತಿದ್ದೆ. ಅಡಿಗೆಮನೆಯ ಕಿಟಕಿ ಅಲ್ಲಿಗೇ ತೆರೆಯುತ್ತಿತ್ತು.

ಏಳೆಂಟು ತಿಂಗಳು ಆ ಕಾರು ಬಯಲಲ್ಲೇ ನಿಂತಿತ್ತು. ನನ್ನ ಸಂಸಾರದಲ್ಲಿ ನಾನು ಹೆಚ್ಚು ಮಾತಾಡಿದ ದಿನಗಳೆಂದರೆ ಅವೇ. ರಜೆಯ ದಿನ ನಿಮ್ಮ ಅಜ್ಜ ಬಾನೆಟ್ ಎತ್ತಿ ತಲೆ ಒಳಗೆ ಹಾಕಿಕೊಂಡು ನಿಲ್ಲುತ್ತಿದ್ದರು. ಕಿಟಕಿಯ ಈಚೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರ ಕಣ್ಣು ಇಂಜಿನ್ ಮೇಲೆ, ನನ್ನ ಕಣ್ಣು ಹಿಟ್ಟಿನ ಮೇಲೆ. ಮುಖ ನೋಡುವ ಅಗತ್ಯವಿಲ್ಲದ್ದರಿಂದಲೋ ಏನೋ, ನನಗೆ ಮಾತು ಬರುತ್ತಿತ್ತು. ಊರಿನ ಬಾವಿಯ ವಿಷಯ, ಶಾಲೆಯಲ್ಲಿ ನಾನು ಪದ್ಯ ಹೇಳಲು ನಿಂತು ಅತ್ತದ್ದು, ಮಗನ ಓದು, ಏನೇನೋ ಹೇಳುತ್ತಿದ್ದೆ. ಅವರು "ಹೂಂ, ಮುಂದ?" ಅನ್ನುತ್ತಿದ್ದರು.

ಊಟಕ್ಕೆ ಕರೆಯಲು ನಾನೊಂದು ಉಪಾಯ ಮಾಡಿಕೊಂಡಿದ್ದೆ. ಸೌಟಿನಿಂದ ಕಿಟಕಿಯ ಸರಳಿಗೆ ಮೂರು ಸಲ ಬಡಿಯುವುದು. ಅವರು ಎರಡು ಸಲ ಸಣ್ಣಗೆ ಹಾರ್ನ್ ಒತ್ತುತ್ತಿದ್ದರು, ಬಂದೆ ಅಂತ. ಪಕ್ಕದ ಮನೆಯಾಕೆ, ನಾವು ಒಬ್ಬರಿಗೊಬ್ಬರು ವದಿನಾ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದವರು, ಗೋಡೆಯ ಮೇಲಿಂದ ಇಣುಕಿ ನಗುತ್ತಿದ್ದಳು. ನಿಮ್ಮ ಮನೆಯಲ್ಲಿ ರೈಲ್ವೆ ಸ್ಟೇಷನ್ ಇದ್ದಂತಿದೆ, ಗಂಟೆ ಹೊಡೆದರೆ ಗಾಡಿ ಕೂಗುತ್ತದೆ ಎಂದು ತೆಲುಗಿನಲ್ಲಿ ಚಾಷ್ಟಿ ಮಾಡುತ್ತಿದ್ದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಆದರೆ ಮರುದಿನ ಬಡಿಯುವುದನ್ನು ಬಿಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ನೋಡಿದರೆ ಕಾರಿನ ಎರಡೂ ವೈಪರ್ ಇರಲಿಲ್ಲ. ವಾರ ಬಿಟ್ಟು ಯಾರೋ ಬಾಗಿಲ ಮೇಲೆ ಮೊಳೆಯಿಂದ ಉದ್ದ ಗೀರು ಎಳೆದಿದ್ದರು. ಕಾರ್ಖಾನೆಗಳ ಕಡೆಯಿಂದ ಬರುವ ಧೂಳಂತೂ ದಿನಾ ಒರೆಸಿದರೂ ದಿನಾ ಇರುತ್ತಿತ್ತು. ನಿಮ್ಮ ಅಜ್ಜ ಮೇಸ್ತ್ರಿಯನ್ನು ಕರೆಸಿದರು. ಅವನು ಪಾಲಮೂರು ಕಡೆಯವನು, ಅರ್ಧ ತೆಲುಗು ಅರ್ಧ ಹಿಂದಿ ಮಾತಾಡುವವನು. ಎರಡು ದಾರಿ ಹೇಳಿದ. ನಾಲ್ಕು ಕಂಬ ನಿಲ್ಲಿಸಿ ಮೇಲೆ ಸಿಮೆಂಟ್ ಶೀಟ್ ಹಾಕಿದರೆ ಬಿಸಿಲು, ಮಳೆ ತಪ್ಪುತ್ತದೆ, ಗಾಳಿ ಆಡುತ್ತದೆ, ಕಳ್ಳ ಮಾತ್ರ ತಪ್ಪುವುದಿಲ್ಲ. ಗೋಡೆ ಎತ್ತಿ ಶಟರ್ ಹಾಕಿದರೆ ಕಳ್ಳನೂ ಇಲ್ಲ, ಧೂಳೂ ಇಲ್ಲ. ಆದರೆ ಅಡಿಗೆಮನೆಯ ಕಿಟಕಿ ಮುಚ್ಚಬೇಕು, ಇಲ್ಲದಿದ್ದರೆ ಕಾರಿನ ಹೊಗೆಯೆಲ್ಲ ಅನ್ನದ ಮೇಲೆ.

ಮೇಸ್ತ್ರಿ ಹೋದ ಮೇಲೆ ನಿಮ್ಮ ಅಜ್ಜ ಒಂದು ಕಾಗದದ ಮೇಲೆ ಪೆನ್ಸಿಲಿನಿಂದ ಎರಡೂ ನಕಾಶೆ ಬರೆದರು. ಅದನ್ನು ಹಿಡಿದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಮನೆ ಕೊಳ್ಳುವಾಗ ನನ್ನನ್ನು ಕೇಳಿರಲಿಲ್ಲ, ಕಾರು ತರುವಾಗ ಕೇಳಿರಲಿಲ್ಲ. ಅದಕ್ಕೆ ನನಗೆ ಬೇಸರವೂ ಇರಲಿಲ್ಲ. ಆ ದಿನ ಕೇಳಿದರು.

"ನಿನಗೇನ ಅನಸ್ತದ? ಷೆಡ್ ಹಾಕೂಣೋ, ಗ್ಯಾರೇಜ್ ಮಾಡೂಣೋ? ಗ್ಯಾರೇಜ್ ಮಾಡಿದ್ರ ನಿನ್ನ ಕಿಟಕಿ ಹೋಗ್ತದ ನೋಡು."

ನನಗೆ ಕಿಟಕಿ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದು ಅವರು ಹೇಳಿದ ಮೇಲೆಯೇ ತಿಳಿಯಿತು. ಆದರೆ ನಿಮ್ಮ ಜೊತೆ ಮಾತಾಡಲು ನನಗೆ ಆ ಕಿಟಕಿ ಬೇಕು ಎಂದು ಗಂಡನ ಎದುರು ನಿಂತು ಹೇಗೆ ಹೇಳುವುದು? ನಾಚಿಕೆಯಾಯಿತು.

"ನಿಮಗ ಹ್ಯಾಂಗ ತಿಳೀತದೋ ಹಂಗ ಮಾಡ್ರಿ," ಅಂದೆ.

ಅವರು ತಕ್ಷಣ ಹೋಗಲಿಲ್ಲ. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿ ಸ್ವಲ್ಪ ಹೊತ್ತು ನಿಂತರು. "ಭಾಳ ವಿಚಾರ ಮಾಡಿ ಹೇಳ್ದಿ ಬಿಡು," ಎಂದು ನಕ್ಕು ಹೋದರು. ಆ ಸ್ವಲ್ಪ ಹೊತ್ತನ್ನು ನಾನು ಈಗಲೂ ನೆನೆಯುತ್ತೇನೆ. ಅವರಿಗೂ ಷೆಡ್ಡೇ ಬೇಕಾಗಿತ್ತೋ ಏನೋ. ಒಂದು ಮಾತಿಗಾಗಿ ಕಾದರೋ ಏನೋ.

ಗ್ಯಾರೇಜೇ ಆಯಿತು. ಕಿಟಕಿಯ ಆಚೆ ಇಟ್ಟಿಗೆ ಒಂದೊಂದೇ ವರಸೆ ಏರುತ್ತ ಬಂತು. ಮೊದಲು ಕಾರಿನ ಗಾಲಿ ಕಾಣದಾಯಿತು, ಆಮೇಲೆ ಬಾನೆಟ್, ಆಮೇಲೆ ಕಂಪೌಂಡಿನ ಆಚೆಯ ಬೇವಿನ ಗಿಡ. ಕಟ್ಟಿದ ಗೋಡೆಗೆ ದಿನಕ್ಕೆರಡು ಸಲ ನೀರು ಹೊಡೆಯಬೇಕು, ಇಲ್ಲದಿದ್ದರೆ ಸಿಮೆಂಟು ಬಿಗಿಯುವುದಿಲ್ಲ ಎಂದು ಮೇಸ್ತ್ರಿ ಹೇಳಿ ಹೋಗುತ್ತಿದ್ದ. ಆ ಕೆಲಸ ನನ್ನದಾಯಿತು. ಬೆಳಿಗ್ಗೆ, ಸಂಜೆ, ಕೊಡ ಹೊತ್ತು ತಂದು ತಂಬಿಗೆಯಿಂದ ಹೊಡೆಯುತ್ತಿದ್ದೆ. ನನ್ನ ಕಿಟಕಿ ಮುಚ್ಚಿದ ಗೋಡೆ ಗಟ್ಟಿಯಾಗಲೆಂದು ನಾನೇ ನೀರು ಹೊಡೆದೆ. ಅದು ಬಹಳ ಗಟ್ಟಿಯಾಯಿತು. ಮೇಸ್ತ್ರಿಯೇ ಹೊಗಳಿದ.

ಶಟರ್ ಹಾಕಿದ ದಿನ ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ನಿಮ್ಮ ಅಜ್ಜ ಗ್ರೀಸ್ ಹಚ್ಚಿ ಗರ್ರೆಂದು ಮೇಲೆತ್ತಿದರು. "ಇದಕ್ಕ ಗ್ರೀಸ್ ಹಚ್ಚಿದ್ರ ಮ್ಯಾಲೇಳ್ತು. ನಿನ್ನ ಬಾಯಿಗೆ ಏನ ಹಚ್ಚಬೇಕೋ ತಿಳೀವಲ್ದು," ಅಂದರು. ನಿಮ್ಮ ಅಪ್ಪ ಆಗ ಕಾಲೇಜಿನಲ್ಲಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

ಅಡಿಗೆಮನೆಯಲ್ಲಿ ಹಗಲಲ್ಲೂ ಟ್ಯೂಬ್‌ಲೈಟ್ ಬೇಕಾಯಿತು. ಒಂದೆರಡು ಸಲ ಸೌಟಿನಿಂದ ಗೋಡೆಗೆ ಬಡಿದು ನೋಡಿದೆ. ಆ ಕಡೆ ಕೇಳಿಸಲಿಲ್ಲ. ಗಾರೆ ಉದುರಿತು ಅಷ್ಟೆ. ಆಮೇಲೆ ಮಗನನ್ನೇ ಕಳಿಸುತ್ತಿದ್ದೆ, "ಅಪ್ಪಗ ಊಟಕ್ಕ ಕರಿ ಹೋಗು" ಎಂದು.

ಈಗ ಆ ದಿನದ ವಿಷಯ. ಇದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆ.

ಕಾರ್ಖಾನೆಗೆ ರಜೆ ಇತ್ತು. ಊರಿನಿಂದ ನನ್ನ ತಮ್ಮ ಬರುವವನಿದ್ದ. ಕಾರಿನ ಬ್ಯಾಟರಿ ಇಳಿದಿದ್ದರಿಂದ ನಿಮ್ಮ ಅಪ್ಪ ಅವನನ್ನು ಕರೆತರಲು ಬಸ್ಸು ಹಿಡಿದು ಕಾಚಿಗೂಡ ಸ್ಟೇಷನ್ನಿಗೆ ಹೋಗಿದ್ದ. ನಿಮ್ಮ ಅಜ್ಜ ಟ್ರಾನ್ಸಿಸ್ಟರ್ ಹಿಡಿದುಕೊಂಡು ಗ್ಯಾರೇಜಿಗೆ ಹೋದರು. ಧೂಳು ಗಾಳಿ ಇತ್ತು. ಕೆಳಗೆ ಒಂದು ಗೇಣು ಮಾತ್ರ ಬಿಟ್ಟು ಶಟರ್ ಎಳೆದುಕೊಂಡರು. ಹೋಗುವಾಗ, "ಇವತ್ತ ಎಣ್ಣಿಗಾಯಿ ಮಾಡು, ನಿನ್ನ ತಮ್ಮನೂ ಬರ್ತಾನ" ಅಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದೇ.

ಹನ್ನೆರಡೂವರೆಗೆ ಅಡಿಗೆ ಆಯಿತು. ಶಟರಿನ ಕೆಳಗಿನ ಸಂದಿಯಿಂದ ರೇಡಿಯೋ ಸಣ್ಣಗೆ ಕೇಳಿಸುತ್ತಿತ್ತು. ರೈಲು ತಡವಾದರೆ ಇವರಾದರೂ ಬಿಸಿ ರೊಟ್ಟಿ ಉಣ್ಣಲಿ ಎಂದು ಎರಡು ರೊಟ್ಟಿ ಮಾಡಿ ಕಾದೆ. ಬರಲಿಲ್ಲ. ಕರೆಯಲು ಮಗ ಇರಲಿಲ್ಲ. ಮುಂಬಾಗಿಲಿಗೆ ಬಂದೆ. ಎದುರು ಮನೆಯ ಕಟ್ಟೆಯ ಮೇಲೆ ನಾಲ್ಕು ಜನ ಗಂಡಸರು ಪೇಪರು ಹಿಡಿದು ಕೂತಿದ್ದರು. ಶಟರಿನ ಬಳಿ ಹೋಗಬೇಕಾದರೆ ಗೇಟು ದಾಟಿ, ಅವರ ಕಣ್ಣೆದುರಿಗೆ ರಸ್ತೆಯಲ್ಲಿ ನಿಂತು ತಗಡು ಬಡಿಯಬೇಕು, ಇಲ್ಲವೇ ಕೂಗಬೇಕು. ಏನೆಂದು ಕೂಗುವುದು? ಸೆರಗು ಸರಿಮಾಡಿಕೊಂಡು ಒಳಗೆ ಬಂದೆ.

ಪಲ್ಯ ಮತ್ತೆ ಬಿಸಿ ಮಾಡಿದೆ. ಮತ್ತೆ ಬಾಗಿಲಿಗೆ ಹೋದೆ. ಅವರು ಇನ್ನೂ ಕೂತಿದ್ದರು. ಮತ್ತೆ ಒಳಗೆ ಬಂದೆ. ರೇಡಿಯೋದಲ್ಲಿ ಹಾಡು ಮುಗಿದು ವಾರ್ತೆ ಬಂತು, ವಾರ್ತೆ ಮುಗಿದು ಯಾವುದೋ ನಾಟಕ ಶುರುವಾಯಿತು. ರೇಡಿಯೋ ಇದೆಯಲ್ಲ, ಕೇಳುತ್ತ ಕೆಲಸ ಮಾಡುತ್ತಿದ್ದಾರೆ ಅಂದುಕೊಂಡೆ. ಸ್ವಲ್ಪ ಸಿಟ್ಟೂ ಬಂತು, ರೊಟ್ಟಿ ಚರ್ಮದಂತಾದವಲ್ಲ ಎಂದು. ಸಿಟ್ಟು ಬಂದದ್ದನ್ನೂ ಬರೆಯುತ್ತಿದ್ದೇನೆ.

ಒಂದೂ ಮುಕ್ಕಾಲಿನ ಹೊತ್ತಿಗೆ ಪಕ್ಕದ ಮನೆಯಾಕೆ ಕರಿಬೇವು ಕೇಳಲು ಬಂದಳು. ನಮ್ಮವರನ್ನು ಸ್ವಲ್ಪ ಊಟಕ್ಕೆ ಕರೆಯಮ್ಮಾ ಎಂದು ಅವಳಿಗೆ ಹೇಳಿದೆ. "ಗಂಟೆ ಹೊಡೀರಿ ವದಿನಾ," ಎಂದು ನಗುತ್ತಲೇ ಹೋದಳು. ಶಟರ್ ತಟ್ಟಿದ ಸದ್ದು ಕೇಳಿಸಿತು. ಆಮೇಲೆ ಅವಳು ಬಗ್ಗಿ ನೋಡಿರಬೇಕು. ಅವಳ ಕೂಗು ಕೇಳಿ ಕಟ್ಟೆಯ ಮೇಲಿನ ಗಂಡಸರು ಓಡಿಬಂದರು. ಅದೇ ನಾಲ್ಕು ಜನ. ಅವರೇ ಶಟರ್ ಎತ್ತಿದರು.

ನಿಮ್ಮ ಅಜ್ಜ ಮುಂದಿನ ಗಾಲಿಯ ಹತ್ತಿರ ಶಾಬಾದ್ ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಪಕ್ಕದಲ್ಲೇ ರೇಡಿಯೋ ಮಾತಾಡುತ್ತಿತ್ತು.

ಹತ್ತಿರದ ದವಾಖಾನೆಯಿಂದ ಡಾಕ್ಟರನ್ನು ಕರೆತಂದರು. ವಯಸ್ಸಾದವರು, ಒಳ್ಳೆಯ ಮನುಷ್ಯ. ಕಣ್ಣು, ಎದೆ, ಕೈ ಎಲ್ಲ ನೋಡಿದರು. ತಲೆ ಎತ್ತಿ, ಎಷ್ಟು ಹೊತ್ತಾಯಿತಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ಎಲ್ಲರೂ ನನ್ನನ್ನು ನೋಡಿದರು. ಎರಡು ಸಲ ಬಾಗಿಲಿಗೆ ಬಂದು ವಾಪಸು ಹೋದೆ ಎಂದು ಆ ಗಂಡಸರ ಎದುರಿಗೆ ಹೇಳಲೆ? "ಇಪ್ಪುಡೇ" ಅಂದೆ. ಈಗಷ್ಟೇ. ಹೊರಗಿನವರ ಮುಂದೆ ತೆಲುಗು ಮಾತಾಡಲು ಸದಾ ಹೆದರುತ್ತಿದ್ದವಳು ಆ ಒಂದು ಮಾತನ್ನು ತಡವರಿಸದೆ ಹೇಳಿದೆ. ಡಾಕ್ಟರು ಮುಂದೇನೂ ಕೇಳಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, ಎದೆಬಡಿತ ನಿಂತುಹೋಗಿದೆ, ಯಾರೇನೂ ಮಾಡುವಂತಿರಲಿಲ್ಲ ಅಂದರು.

ನಾನು ನಿಜ ಹೇಳಿದ್ದರೆ ಅವರು ಏನು ಹೇಳುತ್ತಿದ್ದರು? ಅದೇ ಮಾತನ್ನೇ ಹೇಳುತ್ತಿದ್ದರೋ, ಬೇರೆಯದನ್ನೋ? ಅದು ನನಗೆ ಎಂದಿಗೂ ತಿಳಿಯುವುದಿಲ್ಲ. ಸುಳ್ಳು ಹೇಳಿ ಆ ಬಾಗಿಲನ್ನೂ ನಾನೇ ಎಳೆದುಕೊಂಡೆ. ನಿಮ್ಮ ಅಪ್ಪ ಮಾವನ ಜೊತೆ ಬಂದಾಗ ಮನೆಯ ಮುಂದೆ ಜನ ಸೇರಿದ್ದರು. ಬಿದ್ದ ಕೂಡಲೇ ನೋಡಿದೆವು, ಏನೂ ಕಷ್ಟಪಡಲಿಲ್ಲ ಎಂದು ಅವನಿಗೆ ಯಾರೋ ಹೇಳಿದರು. ನಾನು ಅಲ್ಲ ಅನ್ನಲಿಲ್ಲ. ಇಂದಿಗೂ ಅವನು ಅದನ್ನೇ ನಂಬಿದ್ದಾನೆ. ಗ್ಯಾರೇಜಿನ ಗೋಡೆ ಮುಟ್ಟಿ, ಅಪ್ಪನ ಗ್ಯಾರೇಜು ಅನ್ನುತ್ತಾನೆ.

ಬಯಲಲ್ಲಿ ಕಾರು ನಿಂತಿದ್ದರೆ ಕಿಟಕಿಯಿಂದ ನೋಡುತ್ತಿದ್ದೆ. ನಾನು ನೋಡದಿದ್ದರೂ ರಸ್ತೆಯವರು ನೋಡುತ್ತಿದ್ದರು. ವೈಪರ್ ಕದಿಯಲು ಬಂದ ಕಳ್ಳನಾದರೂ ನೋಡುತ್ತಿದ್ದ.

ಮೇಲಿನದನ್ನು ಬರೆದು ಆರು ದಿನವಾಯಿತು. ನಡುವೆ ಸೋಮವಾರ ಬಂದು ಹೋಯಿತು.

ಮೇಸ್ತ್ರಿ ಟೇಪು ಹಿಡಿದಿದ್ದ. ನಿಮ್ಮ ಅಪ್ಪ ಗ್ಯಾರೇಜಿನ ಮುಂದೆ ಸುಣ್ಣದ ಗೆರೆ ಹಾಕಿಸುತ್ತಿದ್ದ. ನೀವಿಬ್ಬರೂ ಶಾಲೆಗೆ ಹೋಗಿದ್ದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ಎದುರಿನ ಕಟ್ಟೆಯ ಮೇಲೆ ಈಗಲೂ ಜನ ಕೂರುತ್ತಾರೆ, ಬೇರೆ ಜನ. ಹಿಂದೆ ತಿರುಗಲು ಕಾಲು ಎತ್ತಿದ್ದೆ. ತಿರುಗಲಿಲ್ಲ. ಮಗನ ಹೆಸರು ಹಿಡಿದು ಕರೆದೆ. ದನಿ ರಸ್ತೆಯವರೆಗೆ ಹೋಯಿತು. ಮೇಸ್ತ್ರಿಯೂ ತಿರುಗಿ ನೋಡಿದ.

"ಗ್ವಾಡಿ ಕೆಡವಿಸು," ಅಂದೆ.

"ಏನವ್ವಾ?"

"ಕಂಬ ಇರ್ಲಿ, ಮ್ಯಾಲಿನ ಮಾಳಿಗಿ ಇರ್ಲಿ. ಗ್ವಾಡಿ ಬ್ಯಾಡ, ಶಟರ್ ಬ್ಯಾಡ. ಅಡಿಗಿಮನಿ ಕಿಟಕಿ ತಗಸು."

"ಮೊನ್ನಿ ಕೇಳಿದಾಗ ಹೆಂಗಾದರೂ ಮಾಡ್ರಿ ಅಂದಿ."

"ಅಂದಿದ್ದೆ."

"ಅಪ್ಪ ಕಟ್ಟಿಸಿದ್ದವ್ವಾ ಅದು."

"ಹೌದಪ್ಪಾ. ಅದಕ್ಕ ನೀರು ಹೊಡದಾಕಿ ನಾನು."

ಅವನು ನನ್ನನ್ನೇ ನೋಡಿದ. ಸುಣ್ಣದ ಗೆರೆಯನ್ನು ಚಪ್ಪಲಿಯಿಂದ ಉಜ್ಜಿ ಅಳಿಸಿ, ಮೇಸ್ತ್ರಿಗೆ ಏನೋ ಹೇಳಿ ಕೆಲಸಕ್ಕೆ ಹೊರಟುಹೋದ. ಅಂದಿನಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಊಟಕ್ಕೆ ಕೂತಾಗ "ಉಪ್ಪು" ಅನ್ನುತ್ತಾನೆ, ಅಷ್ಟೇ. ಅವನಿಗೆ ನೋವಾಗಿದೆ. ತಂದೆಯ ಗುರುತನ್ನು ತಾಯಿಯೇ ಒಡೆಸಿದಳು ಅಂದುಕೊಂಡಿರಬೇಕು. ನಿಜ ಹೇಳಿದರೆ ಇದಕ್ಕಿಂತ ಹೆಚ್ಚು ನೋಯುತ್ತಾನೋ, ಕಡಿಮೆ ನೋಯುತ್ತಾನೋ ನನಗೆ ಗೊತ್ತಾಗುತ್ತಿಲ್ಲ. ಒಂದು ಮಾತು ಹೇಳುವ ಧೈರ್ಯ ಬಂತು, ಎರಡನೆಯದಕ್ಕೆ ಬರಲಿಲ್ಲ.

ನಿನ್ನೆ ಗೋಡೆ ಇಳಿಸಿದರು. ಗಟ್ಟಿಯಾಗಿತ್ತು. ಆಳುಗಳು ಬೈದುಕೊಂಡೇ ಒಡೆದರು. ಇಟ್ಟಿಗೆಯ ಹಿಂದೆ ಹಳೆಯ ಕಿಟಕಿ ಹಾಗೆಯೇ ಇತ್ತು. ಚೌಕಟ್ಟನ್ನು ಗೆದ್ದಲು ತಿಂದಿತ್ತು, ಸರಳುಗಳು ತುಕ್ಕು ಹಿಡಿದು ದಪ್ಪಗಾಗಿದ್ದವು. ಎಸೆಯಲೇ ಎಂದು ಮೇಸ್ತ್ರಿ ಕೇಳಿದ. ಹೊಸ ಚೌಕಟ್ಟಿಗೆ ಅವೇ ಸರಳು ಹಾಕು ಎಂದು ಹೇಳಿದೆ. ಇಂದು ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬಿಸಿಲು ಬಿದ್ದಿತ್ತು. ಬೇವಿನ ಗಿಡ ಈಗಿಲ್ಲ, ಅಲ್ಲಿ ಮೂರಂತಸ್ತಿನ ಮನೆ ಎದ್ದಿದೆ. ಸೌಟು ಕೈಯಲ್ಲಿತ್ತು. ಬಡಿಯಲಿಲ್ಲ. ಆ ಕಡೆ ಯಾರೂ ಇರಲಿಲ್ಲ.

ಚಿನ್ನೂ, ಪುಟ್ಯಾ, ಈ ಹಾಳೆಗಳನ್ನು ಬೇವಿನ ಎಲೆಯ ಜೊತೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಟ್ರಂಕಿನ ತಳದಲ್ಲಿಡುತ್ತೇನೆ. ಗಂಟು ಎಲ್ಲಿದೆ ಎಂದು ಮಾತ್ರ ನಿಮಗೆ ಹೇಳಿರುತ್ತೇನೆ. ನಾನಿರುವಾಗಲೇ ಧೈರ್ಯ ಬಂದರೆ ನಿಮ್ಮ ಅಪ್ಪನಿಗೆ ನಾನೇ ಕೊಡುತ್ತೇನೆ. ಬರದಿದ್ದರೆ ನೀವು ದೊಡ್ಡವರಾದ ಮೇಲೆ, ಹಗಲು ಹೊತ್ತಿನಲ್ಲಿ, ಆ ಕಿಟಕಿಯ ಹತ್ತಿರ ಅವನನ್ನು ಕೂರಿಸಿ ಓದಿ ಹೇಳಿ. ಅಲ್ಲಿಯವರೆಗೆ ಇವಕ್ಕೆ ನೀರು ತಾಗದಂತೆ, ಇಲಿ ಕಡಿಯದಂತೆ ನೋಡಿಕೊಳ್ಳಿ. ನನ್ನ ಬೇರೆ ಯಾವ ವಸ್ತು ಕಳೆದರೂ ಚಿಂತೆಯಿಲ್ಲ, ಇವನ್ನು ಕಳೆಯಬೇಡಿ.